ಚಷ್ಮಾ ಇಲ್ಲದ ಭಾನುವಾರ

ಬಸ್ಸು ಮಹಾಪೆ ದಾಟುತ್ತಿದೆಯೆಂಬುದನ್ನು ಚನ್ನಪ್ಪ ಮೂಗಿನಿಂದ ತಿಳಿದುಕೊಂಡ. ಕೊಳೆತ ಮೊಟ್ಟೆಯ ವಾಸನೆ ಮುಗಿದು ತಿನ್ನರಿನ ವಾಸನೆ ಶುರುವಾದರೆ ಅವನ ಕಂಪನಿಯ ಗೇಟು ಬಂತೆಂದೇ ಅರ್ಥ. ಆರು ವರ್ಷದಿಂದ ಡೊಂಬಿವಲಿಯಿಂದ ಠಾಣೆಗೆ ರೈಲಿನಲ್ಲಿ, ಠಾಣೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಬಂದು, ಇಡೀ ದಿನ ಡ್ರಾಯಿಂಗ್ ಬೋರ್ಡಿನ ಮೇಲೆ ಬಗ್ಗಿ, ಒಂದು ಗೆರೆಯೂ ಕೂದಲೆಳೆಯಷ್ಟು ಆಚೀಚೆ ಆಗದಂತೆ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಅವನು. ಇವತ್ತು ಆ ಗೇಟೇ ಕಾಣಲಿಲ್ಲ. ಕಿಟಕಿಯಾಚೆ ಒಂದು ಹಳದಿ ಬಂದು ಹೋಯಿತು, ಒಂದು ನೀಲಿ ಬಂದು ಹೋಯಿತು, ಆಮೇಲೆ ಉದ್ದಕ್ಕೂ ಬೂದುಬಣ್ಣ. ಮೈನಸ್ ಆರು ನಂಬರಿನ ಚಷ್ಮಾ ಪಕ್ಕದಲ್ಲೇ ಇತ್ತು. ಅವ್ವನ ತೊಡೆಯ ಮೇಲಿನ ಚೀಲದಲ್ಲಿ, ಶೇಂಗಾ ಹೋಳಿಗೆಯ ಡಬ್ಬಿಯ ಕೆಳಗೆ, ಕರವಸ್ತ್ರದಲ್ಲಿ ಸುತ್ತಿಕೊಂಡು. ಮೂವತ್ತೆರಡು ವರ್ಷದ ಗಂಡಸು ಅವ್ವನ ಚೀಲಕ್ಕೆ ಕೈಹಾಕಿ ತನ್ನ ಚಷ್ಮಾ ತಾನು ತೆಗೆದುಕೊಳ್ಳಬಹುದಿತ್ತು. ಚನ್ನಪ್ಪ ಅಂಥ ಗಂಡಸಲ್ಲ. ಅವನು ಕಣ್ಣು ಕಿರಿದು ಮಾಡಿಕೊಂಡು ಕೂತ.

"ಹಂಗ ಕಣ್ಣ ಸಣ್ಣ ಮಾಡಬ್ಯಾಡ," ಎಂದಳು ಕಲ್ಲವ್ವ, ಮೆಲ್ಲಗೆ. "ಒಲಿ ಊದಿದವರಂಗ ಕಾಣ್ತಿ. ಅಗಲ ತಗದು ಕೂಡು."

"ತಗದ್ರೂ ಏನೂ ಕಾಣಂಗಿಲ್ಲವ್ವಾ."

"ನೀ ನೋಡಾಕ ಹೊಂಟಿಲ್ಲ. ನಿನ್ನ ನೋಡಾಕ ಬರಾಕತ್ತಾರ."

ಅದಂತೂ ನಿಜ. ಹೆಸರಿಗೆ ಮಾತ್ರ ಕನ್ಯಾ ನೋಡುವುದು. ಹಿಂದಿನ ಐದು ಸಲವೂ ನೋಡಿಸಿಕೊಂಡು ಬಂದವನು ಅವನೇ. ಕಲ್ಯಾಣದ ಹುಡುಗಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವಳು ಚಹಾದ ತಟ್ಟೆ ಹಿಡಿದು ಎದುರು ಬಗ್ಗಿದಳು, ಚಹಾದ ಹಬೆ ಏರಿ ಚಷ್ಮಾ ಮಂಜಾಯಿತು, ಅವನು ಗಡಬಡಿಸಿ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಏರಿಸಿಕೊಳ್ಳುವಷ್ಟರಲ್ಲಿ ಎದುರು ಬರೀ ಬಾಗಿಲ ಪರದೆ ಅಲ್ಲಾಡುತ್ತಿತ್ತು. ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕು "ಸೋಡಾಬುಡ್ಡಿ" ಎಂದರು. ದೇವರು ಕಣ್ಣಿನಲ್ಲಿ ಮಾಡಿದ ಮೋಸವನ್ನು ಕಿವಿಯಲ್ಲಿ ತುಂಬಿಕೊಟ್ಟಿದ್ದನಲ್ಲ, ಅಕ್ಷರ ಅಕ್ಷರವೂ ಕೇಳಿಸಿತು. ಅದರ ಮರುವಾರವೇ ಕಲ್ಲವ್ವ ಅವನನ್ನು ಡೊಂಬಿವಲಿ ಸ್ಟೇಷನ್ ಎದುರಿನ ಫೋಟೋ ಸ್ಟುಡಿಯೋಕ್ಕೆ ಕರೆದೊಯ್ದು, ಚಷ್ಮಾ ಕಿತ್ತು ತನ್ನ ಕೈಯಲ್ಲಿ ಹಿಡಿದುಕೊಂಡು, ಹೊಸ ಫೋಟೋ ತೆಗೆಸಿದಳು. "ಲಗ್ನ ಆದ ಮ್ಯಾಲ ಹಾಕ್ಕೋ, ಆವಾಗ ಯಾರ ಬ್ಯಾಡ ಅಂತಾರ?" ಎಂದಳು. ಛೀ, ಇದು ಮೋಸವಲ್ಲವೇ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಮನೆಗೆ ಬಂದು ಚಷ್ಮಾ ತೆಗೆದು ಕನ್ನಡಿಯ ಮುಂದೆ ನಿಂತರೆ ತಾನು ನಿಜಕ್ಕೂ ಚೆಂದ ಕಂಡ. ಕನ್ನಡಿಯಲ್ಲಿ ಇದ್ದದ್ದು ಕಂದುಬಣ್ಣದ ಒಂದು ಮಸುಕು. ಮಸುಕಿನಲ್ಲಿ ಯಾರಿಗೆ ತಾನೇ ಕುಂದು ಕಾಣುತ್ತದೆ. ಇವತ್ತು ಬೆಳಿಗ್ಗೆ ಮೂಗಿನ ಎರಡೂ ಬದಿಗೆ ಚಷ್ಮಾ ಒತ್ತಿ ಬಿದ್ದಿದ್ದ ಕೆಂಪು ಗುರುತಿನ ಮೇಲೆ ಕಲ್ಲವ್ವ ಪೌಡರು ಹಚ್ಚುವಾಗ ಅವನು ಮಾತಾಡದೆ ಮುಖ ಒಡ್ಡಿ ನಿಂತಿದ್ದ.

ಮುಂದಿನ ಸೀಟಿನಲ್ಲಿ ಯಂಕಣ್ಣನ ತಲೆ ಇತ್ತು, ಅಥವಾ ತಲೆಯೆಂದು ನಂಬಬಹುದಾದ ಒಂದು ಕಪ್ಪು ಗುಂಡು. ರೈಲ್ವೆ ಬುಕಿಂಗ್ ಆಫೀಸಿನಲ್ಲಿ ಟಿಕೆಟು ಹರಿಯುವ ಯಂಕಣ್ಣ ಬಿಡುವಿನಲ್ಲಿ ಮದುವೆ ಕೂಡಿಸುತ್ತಿದ್ದ. ಈವರೆಗೆ ಮೂವತ್ತೆರಡು ಆಗಿದ್ದವು. ಎರಡು ಕೋಣೆಯ ಮನೆಯಲ್ಲಿ ಉಪ್ಪಿಟ್ಟು ಚಹಾ ಇಟ್ಟುಕೊಂಡು ನೋಡಿದರೆ ಹುಡುಗಿ ನೆಲ ನೋಡುತ್ತಾಳೆ, ಹುಡುಗ ತಟ್ಟೆ ನೋಡುತ್ತಾನೆ, ಆದ್ದರಿಂದ ಬಯಲಿಗೆ ಕರೆದೊಯ್ಯಬೇಕು ಎಂಬುದು ಅವನ ಹೊಸ ಶೋಧ. ಬಯಲೆಂದು ಅವನು ಹುಡುಕಿದ್ದು ನೆರೂಳದಿಂದಲೂ ಆಚೆ, ಖಾಡಿಯ ಉಪ್ಪುನೀರು ಸಮುದ್ರಕ್ಕೆ ಕೂಡುವ ಕಡೆ, ಸರ್ಕಾರದವರು ತಂತಿ ಬೇಲಿ ಹಾಕಿ ಕಾಯುತ್ತಿದ್ದ ಜಾಗ. ಒಂದಷ್ಟು ಮರಳಿನ ದಿಬ್ಬ, ಅದರ ಹಿಂದೆ ಜೌಗು, ಜೌಗಿನ ತುಂಬ ಚಳಿಗಾಲದ ಹಕ್ಕಿ. ಜಗತ್ತಿನಲ್ಲಿ ಕನ್ಯಾ ನೋಡಲು ಇಷ್ಟು ಜಾಗಗಳಿರುವಾಗ, ದೂರದ್ದನ್ನು ನೋಡುವುದಕ್ಕೇ ಜನ ಹೋಗುವ ಜಾಗವನ್ನು ಈ ಪುಣ್ಯಾತ್ಮ ಹುಡುಕಿದನಲ್ಲ ಎಂದು ಚನ್ನಪ್ಪ ಅವನ ತಲೆಯನ್ನು ಶಪಿಸಿದ. ಶಾಪ ಕಪ್ಪು ಗುಂಡಿಗೆ ತಗಲಿತೋ, ಪಕ್ಕದ ಕಿಟಕಿಗೆ ತಗಲಿತೋ, ಅದೂ ಸರಿಯಾಗಿ ಕಾಣಲಿಲ್ಲ.

ಹುಡುಗಿಯ ಕಡೆಯವರು ಅಂಬರನಾಥದಿಂದ ಬೇರೆ ದಾರಿಯಲ್ಲಿ ಬಂದು ಗೇಟಿನ ಬಳಿ ಕಾಯುತ್ತಿದ್ದರು. ಹುಡುಗಿ ಗಿರಿಜಾ, ಒಂದು ಪೇಂಟ್ ಕಂಪನಿಯಲ್ಲಿ ಟೈಪಿಸ್ಟು. ಅವಳ ಅಪ್ಪ ಶಂಕರೆಪ್ಪ, ಕಾರ್ಖಾನೆಯಲ್ಲಿ ಫಿಟ್ಟರು, ಕೆಂಪು ಬಾವುಟದ ಯೂನಿಯನ್ನಿನ ಮನುಷ್ಯ. ಜೊತೆಗೆ ಅಜ್ಜಿ ರತ್ನಾಬಾಯಿ. ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದೇ ಎಂದು ಯಂಕಣ್ಣ ದಾರಿಯುದ್ದಕ್ಕೂ ಹೇಳಿದ್ದ. "ಇಳಿದ ಕೂಡಲೇ ಅಜ್ಜಿ ಕಾಲಿಗೆ ಬೀಳು," ಎಂದು ಕಲ್ಲವ್ವ ಬಸ್ಸಿನ ಮೆಟ್ಟಿಲಲ್ಲೇ ಅವನ ಕಿವಿಯಲ್ಲಿ ಊದಿದಳು. "ಇಳಕಲ್ ಸೀರಿ, ಕೆಂಪ ಸೆರಗು. ಆ ಬಿಳಿ ಅಂಗ್ಯಾವ ಅವರಪ್ಪ, ಅವನ ಬಾಜೂಕ." ಅವನು ನೋಡಿದ. ದೂರದಲ್ಲಿ ಉದ್ದಕ್ಕೊಂದು ಬಿಳಿ ನಿಂತಿತ್ತು. ಬಿಳಿಯ ಪಕ್ಕದಲ್ಲಿ ಗಿಡ್ಡಗೆ, ಕಪ್ಪಿನ ಮೇಲೆ ಒಂದು ಕೆಂಪು. ಬಿಳಿಯೂ ಕೆಂಪೂ ಕನ್ನಡದಲ್ಲಿ ಮಾತಾಡುತ್ತಿದ್ದವು. ಇನ್ನೇನು ಬೇಕು? ಚನ್ನಪ್ಪ ಮರಳಿನಲ್ಲಿ ಕಾಲು ಎಳೆಯುತ್ತ ನೆಟ್ಟಗೆ ಹೋದ, ಬಗ್ಗಿದ, ಎರಡೂ ಕೈಯಿಂದ ಪಾದ ಮುಟ್ಟಿದ, ಮುಟ್ಟಿದ ಕೈ ಕಣ್ಣಿಗೆ ಒತ್ತಿಕೊಂಡ. ಪಾದದ ಮೇಲೆ ಒಣಗಿದ ಸಿಮೆಂಟಿತ್ತು, ಹಿಮ್ಮಡಿ ಬಿರಿದಿತ್ತು. ಪಾಪ, ಇಷ್ಟು ವಯಸ್ಸಿನಲ್ಲಿ ಅಜ್ಜಿ ಚಪ್ಪಲಿಯಿಲ್ಲದೆ ಬಂದಿದ್ದಾಳೆ ಎಂದುಕೊಂಡ.

"ಯಪ್ಪೋ!" ಎಂದು ಕೆಂಪು ಹಿಂದಕ್ಕೆ ಹಾರಿತು. "ಇದೇನ್ ಮಾಡ್ಲಾಕತ್ತೀರಿ ಸಾವ್ಕಾರ? ನಾ ಕಲ್ಲ ಹೊರಾಕಿ ಅದೀನ್ರೀ! ಮರಗಮ್ಮ ಅಂತ, ಕಲಬುರ್ಗಿ ಕಡಿಯಾಕಿ!"

ಹಿಂದೆ ಕಲ್ಲವ್ವನ ಬಳೆಯ ಸದ್ದು ನಿಂತುಹೋಯಿತು. ಬೇಲಿಯ ಒಳಗೆ ಕಲ್ಲಿನ ದಾರಿ ಹಾಕುವ ಕೆಲಸಕ್ಕೆ ಬಂದಿದ್ದ ಆ ಹೆಂಗಸು ಬುಟ್ಟಿ ಇಳಿಸಿ ಊರಿನ ಮಾತು ಸಿಕ್ಕಿತೆಂದು ಶಂಕರೆಪ್ಪನ ಹತ್ತಿರ ನಿಂತಿದ್ದಳು, ಅಷ್ಟೇ. ಅವಳೇ ಮೊದಲು ನಕ್ಕಳು. "ಹೋಗ್ಲಿ ಬಿಡ್ರಿ. ನೂರ್ ವರ್ಸ ಬಾಳ್ರಿ ನಮ್ಮಪ್ಪ. ನನ್ನ ಹೊಟ್ಟ್ಯಾಗ ಹುಟ್ಟಿದ ಸೈದಪ್ಪನೂ ಒಂದಿನ ಹಿಂಗ ಬಗ್ಗಿಲ್ಲ," ಎಂದು ಬುಟ್ಟಿ ಎತ್ತಿಕೊಂಡು ಬೇಲಿಯೊಳಕ್ಕೆ ಹೊರಟಳು. ಮೂವತ್ತೆರಡು ಮದುವೆಯ ಅನುಭವ ಆಗ ಬಾಯಿಬಿಟ್ಟಿತು. "ನೋಡಿದ್ರಿಲ್ಲೋ ಶಂಕರೆಪ್ಪಾರ!" ಎಂದು ಯಂಕಣ್ಣ ಎರಡು ಹೆಜ್ಜೆ ಮುಂದೆ ಬಂದ. "ನಮ್ಮ ಚನ್ನಪ್ಪಗ ದುಡಿಯೋರ ಕಾಲಂದ್ರ ದೇವರ ಪಾದ ಇದ್ದಂಗ. ಎಲ್ಲೆ ಕಂಡ್ರೂ ಹೀಂಗ. ಸ್ಟೇಷನ್ನದಾಗ ಹಮಾಲರ ಕಾಲಿಗೂ ಬೀಳತಾನ, ನಮಗ ಗಾಡಿ ತಪ್ಪತದ!"

ಬಿಳಿ ಅಂಗಿ ಹತ್ತಿರ ಬಂತು. ಹತ್ತಿರ ಬಂದು ಚನ್ನಪ್ಪನ ಎರಡೂ ಭುಜ ಹಿಡಿದುಕೊಂಡಿತು. "ಇಪ್ಪತ್ತ ವರ್ಷ ಯೂನಿಯನ್ನಿನ್ಯಾಗ ಭಾಷಣ ಮಾಡೇನಿ, ತಮ್ಮಾ," ಎಂದ ಶಂಕರೆಪ್ಪ. "ಖರೇ ಹೇಳ್ತೀನಿ, ನಾನೂ ಒಂದಿನ ಹಿಂಗ ಬಗ್ಗಿಲ್ಲ." ಆಗಲೇ ನಿಜ ಹೇಳಿಬಿಡಬಹುದಿತ್ತು. ನನಗೆ ಕಣ್ಣು ಕಾಣುವುದಿಲ್ಲ, ನಿಮ್ಮವ್ವ ಅಂದುಕೊಂಡೆ, ಎಂದರೆ ಸಾಕಿತ್ತು. ಎಲ್ಲರೂ ನಗುತ್ತಿದ್ದರು, ನಕ್ಕು ಅಂಬರನಾಥಕ್ಕೆ ವಾಪಸು ಹೋಗುತ್ತಿದ್ದರು, ಆರನೆಯದೂ ಮುಗಿಯುತ್ತಿತ್ತು. ಚನ್ನಪ್ಪ ಬಾಯಿ ತೆರೆದ. ಹೊರಗೆ ಬಂದ ಮಾತು "ಅದರಾಗೇನೈತ್ರಿ" ಎಂದು. ಹಾಗೆ ಅಂದದ್ದರಿಂದ ವಿನಯವೂ ಅವನ ಲೆಕ್ಕಕ್ಕೆ ಸೇರಿತು. ಈ ಗದ್ದಲದಲ್ಲಿ, ಅವರು ಬಸ್ಸು ಇಳಿಯುವಷ್ಟರಲ್ಲಿ ಹಿಂದೆ ಸರಿದು ಕಟ್ಟೆಯ ಮೇಲೆ ಕೂತಿದ್ದ ನಿಜವಾದ ಅಜ್ಜಿಯ ಕಾಲಿಗೆ ಬೀಳುವುದು ಅವನಿಗೂ ಹೊಳೆಯಲಿಲ್ಲ, ಉಳಿದವರಿಗೂ ಹೊಳೆಯಲಿಲ್ಲ. ರತ್ನಾಬಾಯಿ ಎಲೆ ಅಡಿಕೆ ಅಗಿಯುತ್ತಿದ್ದಳು.

ಗೇಟಿನಲ್ಲಿ ಇನ್ನೊಂದು ತಕರಾರು. ಕಾವಲುಗಾರ ಮರಾಠಿಯಲ್ಲಿ ತಡೆದ: ಗದ್ದಲ ಮಾಡಬಾರದು, ಕಲ್ಲು ಎಸೆಯಬಾರದು, ಬೇಲಿ ದಾಟಬಾರದು, ಕೆಂಪು ಬಟ್ಟೆ ಉಟ್ಟು ಒಳಗೆ ಬರಬಾರದು, ಹಕ್ಕಿ ಹೆದರುತ್ತವೆ. ಅಜ್ಜಿಯದೂ ಕೆಂಪು ಸೆರಗು, ಕಲ್ಲವ್ವನದೂ ಕೆಂಪು ಸೆರಗು. ಹಾಗಾದರೆ ಕೆಂಪು ಸೆರಗಿನ ಮರಗಮ್ಮ ಹೇಗೆ ಒಳಗಿದ್ದಾಳೆ ಎಂದು ಯಾರೋ ಕೇಳಿದರು. ಕೇಳಿದ್ದು ಹೆಣ್ಣಿನ ದನಿ. "ತುಮಚೇ ಪಕ್ಷೀ ಆಹೇತ ಕೀ ಬೈಲ?" ನಿಮ್ಮವು ಹಕ್ಕಿಗಳೋ ಹೋರಿಗಳೋ, ಎಂದು. ದಪ್ಪಗಿನ ದನಿ, ಸ್ವಲ್ಪ ಒಡೆದದ್ದು, ಹಲ್ಲಿನ ಹಿಂದೆ ನಗು ತಡೆದುಕೊಂಡು ಮಾತಾಡಿದಂಥದ್ದು. ಕಾವಲುಗಾರ ತಬ್ಬಿಬ್ಬಾದ. ಕೊನೆಗೆ ಕೂರಲು ತಂದಿದ್ದ ಬೂದುಬಣ್ಣದ ಚಾದರವನ್ನು ಅಜ್ಜಿಗೂ, ಯಂಕಣ್ಣನ ಶಾಲನ್ನು ಕಲ್ಲವ್ವನಿಗೂ ಹೊದಿಸಿ ಎಂದು ಅದೇ ದನಿ ತೀರ್ಪು ಕೊಟ್ಟಿತು. ಇಬ್ಬರೂ ಹೆಂಗಸರು ಜ್ವರ ಬಂದವರ ಹಾಗೆ ಮೈತುಂಬ ಹೊದ್ದುಕೊಂಡು ಒಳಗೆ ನಡೆದರು. ಚನ್ನಪ್ಪ ಇಂಥ ದನಿಯನ್ನು ಕೇಳಿರಲಿಲ್ಲ. ಅದು ಎಲ್ಲಿಂದ ಬಂತೆಂದು ತಿರುಗಿ ನೋಡಿದರೆ ಒಂದು ಹಸಿರು ಇತ್ತು, ಹಸಿರಿನ ಮೇಲೆ ಮುಖವಿರಬೇಕಾದಲ್ಲಿ ಒಂದು ಗೋಧಿಬಣ್ಣ. ಅಷ್ಟರಲ್ಲಿ ಯಂಕಣ್ಣ ಅವನ ತೋಳು ಜಗ್ಗಿದ. "ಹ್ಯಾಂಗನಸ್ತು? ಲಗೂ ಹೇಳು. ಶಂಕರೆಪ್ಪ ಕರಗಿ ನೀರಾಗ್ಯಾನ. ಹುಡುಗನ ಕಡೆ ಮಾತು ಮೊದಲ ಹೋಗಬೇಕು, ಅದು ಪದ್ಧತಿ ಅದ."

"ಪಸಂದ," ಎಂದ ಚನ್ನಪ್ಪ. ಅಂದ ಮೇಲೆ ಗಾಬರಿಯಾಯಿತು. ಯಂಕಣ್ಣನ ಕಪ್ಪು ಗುಂಡು ಆಗಲೇ ಬಿಳಿ ಅಂಗಿಯ ಕಡೆಗೆ ಓಡಿತ್ತು.

ಮರಳಿನ ದಿಬ್ಬ ಏರುವುದು ಕಣ್ಣಿದ್ದವರಿಗೂ ಕಷ್ಟ. ಮರಳ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿಗೆ ಅವನ ಕಾಲು ಎರಡು ಸಲ ಸಿಕ್ಕಿತು. ದಿಬ್ಬದ ನೆತ್ತಿಯಲ್ಲಿ ಗಾಳಿ ಬೀಸಿ ಉಪ್ಪಿನ, ಕೆಸರಿನ, ಮೀನಿನ ವಾಸನೆ ಬಂತು, ಅದರ ಹಿಂದೆಯೇ ಸಾವಿರ ಗಂಟಲಿನ ಕಿಚಿಪಿಚಿ ಬಂತು. ಕಣ್ಣಿಗೆ ಮಾತ್ರ, ಮೇಲರ್ಧ ಬಿಳಿ, ಕೆಳಗರ್ಧ ಮಣ್ಣು. ಎಲ್ಲರೂ ಒಮ್ಮೆಲೇ ಬೆರಳು ಚಾಚಿದರು. ಅಲ್ಲಿ ನೋಡ್ರಿ, ಇಲ್ಲಿ ನೋಡ್ರಿ, ಎಷ್ಟಾವ! ಯಂಕಣ್ಣನಿಗೆ ಹಕ್ಕಿಯ ಹೆಸರು ಒಂದೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ "ಇದು ಸೈಬೀರಿಯಾದ್ದು" ಎನ್ನುತ್ತಿದ್ದ. ಒಂದು ಕಾಗೆಯನ್ನೂ ಅಂದ. ಕಲ್ಲವ್ವ ಶಾಲಿನೊಳಗಿಂದ ಕೈ ತೂರಿಸಿ ಮಗನ ಮೊಣಕೈ ಚಿವುಟುತ್ತಿದ್ದಳು. ಎಡಕ್ಕೆ ನೋಡಬೇಕಾದರೆ ಒಂದು ಚಿವುಟು, ಬಲಕ್ಕಾದರೆ ಎರಡು. ಬೆಳಿಗ್ಗೆ ರೈಲಿನಲ್ಲೇ ಮಾತಾಗಿತ್ತು. ಏಳನೆಯ ತರಗತಿಯಲ್ಲಿ ಗುರುಗಳೂ ಹೀಗೇ ಚಿವುಟುತ್ತಿದ್ದರು, ಬೋರ್ಡ್ ನೋಡಿ ಬರಿಯೋ ಮಂಗ್ಯಾ, ಎಂದು. ಬೋರ್ಡ್ ಇದೆಯೆಂಬುದೇ ಅವನಿಗೆ ಪಕ್ಕದ ಹುಡುಗನನ್ನು ನೋಡಿ ಗೊತ್ತಾಗುತ್ತಿತ್ತು. ಎರಡು ಚಿವುಟು ಬಿತ್ತು. ಚನ್ನಪ್ಪ ಬಲಕ್ಕೆ ತಿರುಗಿ, ಬೆಳ್ಳಗೆ ನೆಟ್ಟಗೆ ನಿಂತಿದ್ದ ಒಂದನ್ನು ನೋಡಿ, "ಆಹಾ, ಏನ್ ಚೆಂದ ನಿಂತೈತಿ!" ಎಂದ.

"ಅದು ಬೋರ್ಡ್ ಐತ್ರಿ," ಎಂದಿತು ಆ ದಪ್ಪಗಿನ ದನಿ, ಪಕ್ಕದಲ್ಲೇ.

"ಹೂಂನ್ರಿ. ಬೋರ್ಡಿಗೇ ಅಂದ್ನಿ. ಅಕ್ಷರ ಚೆಂದ ಬರದಾರ. ನಾ ಡ್ರಾಫ್ಟ್ಸ್‌ಮನ್ ಅಲ್ರೀ, ಅದ ಕಾಣತೈತಿ ನನಗ."

ತನ್ನ ಸಮಯಸ್ಫೂರ್ತಿಗೆ ತಾನೇ ಬೆರಗಾದ. ಹಸಿರು ಬೋರ್ಡಿನ ಕಡೆ ಒಮ್ಮೆ ತಿರುಗಿ ಮುಂದೆ ನಡೆಯಿತು. ಅಷ್ಟಕ್ಕೇ ಮುಗಿದದ್ದು ಅವನಿಗೆ ಸಮಾಧಾನ ತಂದಿತು, ಪಾಪ.

ದಿಬ್ಬದ ಆಚೆ ಇಳಿದು, ಗಾಳಿಮರದ ನೆರಳಿಗೆ ಹಿರಿಯರು ಬುತ್ತಿ ಬಿಚ್ಚಿದರು. ಜೌಗಿನ ಅಂಚಿನಲ್ಲಿ ಹಕ್ಕಿ ನೋಡಲು ಕಟ್ಟಿದ್ದ ಮರದ ಅಟ್ಟಣಿಗೆ ಇತ್ತು. "ಹೋಗ್ರಿ, ನೀವಿಬ್ಬರೂ ಮ್ಯಾಲ ಹತ್ತಿ ನೋಡಿ ಬರ್ರಿ," ಎಂದು ಯಂಕಣ್ಣ ತನ್ನ ದುರ್ಬೀನನ್ನು ಗಿರಿಜಾಳ ಕೊರಳಿಗೆ ಹಾಕಿ ಕಳಿಸಿದ. ಕಲ್ಲವ್ವನಿಗೆ ಇದು ಗೊತ್ತಿರಲಿಲ್ಲ. ಚಿವುಟಲು ಅಲ್ಲಿ ಯಾರೂ ಇರುವುದಿಲ್ಲ. ಏಣಿಯ ಮೆಟ್ಟಿಲನ್ನು ಚನ್ನಪ್ಪ ಕಾಲಿನಿಂದ ತಡಕಿ ತಡಕಿ ಹತ್ತಿದ. ಮೇಲೆ ಇಬ್ಬರಿಗೆ ಸಾಲುವಷ್ಟೇ ಹಲಗೆ. ಅವಳು ಒಂದು ಗಳಿಗೆ ದುರ್ಬೀನಿನಲ್ಲಿ ನೋಡಿ ಅವನ ಕೈಗೆ ಕೊಟ್ಟಳು. ಕಣ್ಣಿಗೆ ಹಿಡಿದ. ಅಲ್ಲಿಯೂ ಅದೇ ಮಸುಕು, ತೆಳ್ಳನೆಯ ಗಂಜಿಯ ಹಾಗೆ. ಸುಮ್ಮನೆ ಆಹಾ ಅನ್ನಬೇಕೆಂದಿದ್ದ. ಬೆರಳಿಗೆ ನಡುವಿನ ಗಾಲಿ ಸಿಕ್ಕಿತು, ಅಭ್ಯಾಸದ ಬೆರಳು ಅದನ್ನು ತಿರುಗಿಸಿತು. ತಿರುಗಿಸಿದಂತೆ ಗಂಜಿ ಗಟ್ಟಿಯಾಯಿತು. ಇನ್ನೂ ತಿರುಗಿಸಿದ, ಕೊನೆಯವರೆಗೆ. ಒಮ್ಮೆಲೇ ಕೆಸರಿನ ಮೇಲೆ ಒಂದು ಹಕ್ಕಿ ನಿಂತಿತ್ತು.

ಒಂದಲ್ಲ. ನೂರು. ಅಂಗೈಯಷ್ಟೇ ಇದ್ದ ಕಂದು ಹಕ್ಕಿಗಳು, ಕಡ್ಡಿಯಂಥ ಕಾಲು, ನೀರು ಸರಿದ ಹಾಗೆ ಓಡುತ್ತ, ನೀರು ಬಂದ ಹಾಗೆ ಹಿಂದೆ ಓಡುತ್ತ, ಕೆಸರಿಗೆ ಕೊಕ್ಕು ಹಾಕಿ ತೆಗೆಯುತ್ತ. ಒಂದೊಂದು ಗರಿಯ ಅಂಚೂ ಬಿಳಿಯಾಗಿತ್ತು, ಯಾರೋ ತೆಳ್ಳನೆಯ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಚಷ್ಮಾ ಹಾಕಿಕೊಂಡು ವಿಜಾಪುರದ ದವಾಖಾನೆಯಿಂದ ಹೊರಗೆ ಬಂದಾಗ ಎದುರಿಗಿದ್ದ ಬೇವಿನ ಗಿಡದಲ್ಲಿ ಎಲೆಗಳು ಬೇರೆ ಬೇರೆ ಇದ್ದವು. ಅಯ್ಯೋ ಇಷ್ಟು ದಿನ ಇವು ಎಲ್ಲಿದ್ದವು ಎಂದು ಅವನು ರಸ್ತೆಯಲ್ಲೇ ಅತ್ತುಬಿಟ್ಟಿದ್ದ. ಇಂದು ಬೆಳಿಗ್ಗೆಯಿಂದ ಬರೀ ನಾಲ್ಕು ತಾಸು ಕುರುಡನಾಗಿದ್ದದ್ದಕ್ಕೇ ಎದೆ ಹೀಗೆ ಹಾರಬೇಕೆ? ದುರ್ಬೀನನ್ನು ಅವನು ಎಷ್ಟು ಹೊತ್ತು ಹಿಡಿದುಕೊಂಡಿದ್ದನೋ. ಪಕ್ಕದಲ್ಲಿ ಒಂದು ಹೆಣ್ಣು ಇದೆಯೆಂಬುದೇ ಮರೆತುಹೋಗಿತ್ತು.

"ನನಗೂ ಕೊಡ್ರಿ ಒಂದೀಟ," ಎಂದಳು ಗಿರಿಜಾ. ಕಣ್ಣಿಗೆ ಹಿಡಿದು, "ಅಯ್ಯ, ಬಿಘಡಲಾ ಕಾಯ?" ಕೆಟ್ಟಿತೇನೋ ಎಂದು ಗೊಣಗಿ ಗಾಲಿ ತಿರುಗಿಸಿದಳು, ಬಹಳ ತಿರುಗಿಸಬೇಕಾಯಿತು. ನೋಡಿ ಮತ್ತೆ ಕೊಟ್ಟಳು. ಅವನು ಮತ್ತೆ ಕೊನೆಯವರೆಗೆ ತಿರುಗಿಸಿದ, ಮತ್ತೆ ಹಕ್ಕಿಗಳು ಬಂದವು. ಮತ್ತೆ ಅವಳು ಇಸಿದುಕೊಂಡಳು, ಮತ್ತೆ ಅಷ್ಟೇ ತಿರುಗಿಸಿದಳು. ಮೂರನೆಯ ಸಲ ಅವನು ಕೈ ಚಾಚಿದಾಗ ಕೈ ಖಾಲಿ ಉಳಿಯಿತು.

"ಅಪ್ಪ ಆಗಲೇ ಹೂಂ ಅಂದಾನ, ಗೊತ್ತೈತೇನ್ರಿ?" ಎಂದಳು. "ಆ ಕೂಲಿ ಹೆಂಗಸಿನ ಕಾಲು ಮುಟ್ಟಿದ್ರಲ್ಲ, ಅದಕ್ಕ. ಇಂಥಾ ಮನಷ್ಯಾ ಸಿಗೂದಿಲ್ಲವಾ ಅಂತ ಕಣ್ಣಾಗ ನೀರ ತಂದಾನ. ಸುಳ್ಳ್ಯಾಕ ಹೇಳ್ಲಿ, ನನಗೂ..." ಇಲ್ಲಿಗೆ ನಿಲ್ಲಿಸಿದಳು. ಕೆಳಗೆ ನೀರು ಕೆಸರನ್ನು ನೆಕ್ಕುವ ಸದ್ದು ಕೇಳುತ್ತಿತ್ತು. ಚನ್ನಪ್ಪನಿಗೆ ಜೀವಮಾನದಲ್ಲಿ ಯಾರೂ ಹೀಗೆ ಅರ್ಧ ಮಾತು ನಿಲ್ಲಿಸಿರಲಿಲ್ಲ. ಅದರ ಉಳಿದ ಅರ್ಧ ಕೇಳಬೇಕು, ಸುಮ್ಮನಿದ್ದರೆ ಕೇಳಬಹುದು, ಸುಮ್ಮನಿರು, ಎಂದು ಅವನ ಒಳಗಿನ ಕಲ್ಲವ್ವ ಚಿವುಟಿದಳು. ಸುಮ್ಮನಿದ್ದು ಇವಳನ್ನು ಮನೆಗೆ ಕರೆದೊಯ್ದು, ಮರುದಿನ ಬೆಳಿಗ್ಗೆ ಚಷ್ಮಾ ಹಾಕಿಕೊಂಡು ಎದುರು ನಿಂತರೆ, ಈ ದನಿ ಹೇಗಾಗುತ್ತದೆ?

"ನಮಗ ಕಂಡಿದ್ದು ಬೋರ್ಡಿನ ಹಿಂದಿನ ಮಗ್ಗುಲು, ಅಲ್ಲೆ ಏನೂ ಬರದಿದ್ದಿಲ್ರಿ," ಎಂದಳು ಅವಳು. "ಮೂಗಿನ ಮ್ಯಾಲಿನ ಪೌಡರ್ ಬೆವತು ಇಳದೈತಿ. ಈಗ ಹೇಳ್ರಿ, ನಂಬರ್ ಎಷ್ಟು?"

"ಮೈನಸ್ ಆರು," ಎಂದ ಚನ್ನಪ್ಪ. ಹೇಳಿದ ಮೇಲೆ ಉಳಿದದ್ದು ತಾನೇ ಉದುರಿತು. "ಕಾಲು ಮುಟ್ಟಿದ್ದು ನಿಮ್ಮಜ್ಜಿ ಅಂತ ತಿಳದು. ನನಗ ಯಾವ ದೊಡ್ಡ ಗುಣಾನೂ ಇಲ್ರಿ. ಇಳಕಲ್ ಸೀರಿ ಕಂಡಿತು, ಬಗ್ಗಿದೆ."

ಅವಳು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದ. ನಗಲಿಲ್ಲ. ಹಸಿರು ಅಲ್ಲೇ ನಿಂತಿತ್ತು, ಗೋಧಿಬಣ್ಣದಲ್ಲಿ ಏನು ನಡೆಯುತ್ತಿದೆಯೆಂದು ಕಾಣುತ್ತಿರಲಿಲ್ಲ.

"ಗೇಟಿನ್ಯಾಗ ಪಸಂದ ಅಂತ ಹೇಳಿ ಕಳಿಸಿದ್ರಿ," ಎಂದಳು ಕೊನೆಗೆ. ದನಿ ಈಗ ತೆಳ್ಳಗಾಗಿತ್ತು. "ನನ್ನ ಮಖಾನ ಕಂಡಿಲ್ಲ ನಿಮಗ. ಏನು ಪಸಂದ ಬಂತು? ಸೀರಿ ಬಣ್ಣೇನ?"

"ದನಿ," ಎಂದ. ಸುಳ್ಳಿನ ನಡುವೆ ಬೆಳಿಗ್ಗೆಯಿಂದ ಅವನಲ್ಲಿದ್ದ ಒಂದೇ ನಿಜ ಅದು. "ಹಕ್ಕಿ ಅದಾವೋ ಹೋರಿ ಅದಾವೋ ಅಂದ್ರಿ ನೋಡ್ರಿ, ಅದು. ಖರೇನ ಅಂದ್ರ ಅಷ್ಟ."

ಅವಳು ಏಣಿಯಿಂದ ಸರಸರ ಇಳಿದುಹೋದಳು. ಚನ್ನಪ್ಪ ಒಬ್ಬನೇ ಉಳಿದ. 'ಆರನೆಯದು' ಎಂದುಕೊಂಡ. ಐದು ಹೋದಾಗ ನೊಂದದ್ದು ಮಾನ. ಇದು ಹೋಯಿತೆಂದರೆ ನೋಯುವುದು ಬೇರೇನೋ, ಅದಕ್ಕೆ ಇನ್ನೂ ಹೆಸರು ಹುಡುಕಿರಲಿಲ್ಲ. ಇಳಿಯಲು ಹೋದರೆ ಮೆಟ್ಟಿಲು ಸಿಗಲಿಲ್ಲ. ಕೆಳಗೆ ಎಲ್ಲರೂ ನೋಡುತ್ತಿದ್ದರೆಂದು ಕಾಣುತ್ತದೆ, ಮಾತು ನಿಂತಿತ್ತು. ಅವನು ತಿರುಗಿ, ಹಲಗೆಗೆ ಹೊಟ್ಟೆ ಕೊಟ್ಟು, ಸಣ್ಣ ಹುಡುಗರು ಮಂಚದಿಂದ ಇಳಿಯುವ ಹಾಗೆ ಕಾಲು ಜೋತುಬಿಟ್ಟು ಇಳಿದ. ನಾಚಿಕೆಯೆನಿಸಿತು, ಆದರೆ ಇನ್ನು ಯಾರನ್ನು ಮೆಚ್ಚಿಸಬೇಕಿತ್ತು. ನೆರಳಿನ ಕಡೆಗೆ ಹೋಗಿ, ಶಾಲು ಹೊದ್ದಿದ್ದವಳ ಮುಂದೆ ನಿಂತು ಕೈಚಾಚಿದ. ಶಾಲು ಹೊದ್ದವಳು ಅವ್ವನೇ ಆಗಿದ್ದದ್ದು ಅವನ ಪುಣ್ಯ.

"ಅವ್ವಾ, ಚಷ್ಮಾ ಕೊಡು."

"ಯಾವ ಚಷ್ಮಾ?" ಎಂದಳು ಕಲ್ಲವ್ವ, ಜನ್ಮದಲ್ಲೇ ಆ ಶಬ್ದ ಕೇಳದವಳ ಹಾಗೆ.

"ಹೋಳಿಗಿ ಡಬ್ಬಿ ಕೆಳಗ ಐತಿ," ಎಂದು ಅವನೇ ಚೀಲಕ್ಕೆ ಕೈಹಾಕಿದ. ಕರವಸ್ತ್ರ ಬಿಚ್ಚಿದ. ಎರಡೂ ಗಾಜಿಗೆ ಹೋಳಿಗೆಯ ತುಪ್ಪ ಹತ್ತಿತ್ತು. ಅಂಗಿಯ ತುದಿಯಿಂದ ಒರೆಸುತ್ತ ನಿಂತ, ಎಲ್ಲರೂ ಕಾದರು, ಕಲ್ಯಾಣದಲ್ಲಿ ಯಾರೂ ಕಾದಿರಲಿಲ್ಲ. ಹಾಕಿಕೊಂಡ. ತುಪ್ಪದ ಹಿಂದಿನಿಂದ ಮೊದಲು ಬಂದದ್ದು ಶಂಕರೆಪ್ಪನ ಮುಖ, ದಪ್ಪ ಮೀಸೆಯ, ಒಳ್ಳೆಯ ಮುಖ. ಅಂಥ ಮುಖಕ್ಕೆ ಹೇಳುವುದು ಕಷ್ಟವೇ ಇತ್ತು. "ಮಾವ್ರ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. "ಶಂಕರೆಪ್ಪಾರ. ನಾ ಆ ಹೆಣ್ಣಮಗಳ ಕಾಲಿಗೆ ಬಿದ್ದಿದ್ದು ಬೇಕಂತ ಅಲ್ರಿ. ನನಗ ಕಾಣಲಿಲ್ಲ. ನಿಮ್ಮವ್ವ ಅಂತ ಬಿದ್ದೆ. ಯಂಕಣ್ಣಾರು ಹೇಳಿದ್ದು ಸುಳ್ಳು, ನಾ ಅದರಾಗೇನೈತಿ ಅಂದಿದ್ದು ಅದಕ್ಕಿಂತ ದೊಡ್ಡ ಸುಳ್ಳು."

ಯಂಕಣ್ಣ ಆಕಾಶದಲ್ಲಿ ಸೈಬೀರಿಯಾದ್ದೇನಾದರೂ ಹಾರುತ್ತಿದೆಯೇ ಎಂದು ಹುಡುಕತೊಡಗಿದ. ಶಂಕರೆಪ್ಪನ ಮುಖ ನಿಧಾನವಾಗಿ ಕೆಂಪಾಯಿತು. ಇಪ್ಪತ್ತು ವರ್ಷದ ಭಾಷಣಕ್ಕೆ ಸಿಕ್ಕ ಒಂದೇ ಉದಾಹರಣೆ ಕೈಜಾರಿತಲ್ಲ, ಮನುಷ್ಯನಿಗೆ ಸಿಟ್ಟು ಬಾರದೆ ಇರುತ್ತದೆಯೇ. ಚಾದರದೊಳಗಿಂದ ರತ್ನಾಬಾಯಿ ಎಲೆಅಡಿಕೆ ಉಗುಳಿ, ಬೆಳಿಗ್ಗೆಯಿಂದ ಮೊದಲ ಸಲ ಬಾಯಿಬಿಟ್ಟಳು. "ಹಂಗಾರ ನನಗ ಬರಬೇಕಾದ ನಮಸ್ಕಾರ ಇನ್ನೂ ಬಂದಿಲ್ಲ," ಎಂದಳು. ಚನ್ನಪ್ಪ ಹೋಗಿ ಬಗ್ಗಿದ. ಈ ಸಲ ಪಾದವನ್ನು ಚೆನ್ನಾಗಿ ನೋಡಿಯೇ ಮುಟ್ಟಿದ. ಅಜ್ಜಿ ತಲೆಯ ಮೇಲೆ ಕೈಯಿಟ್ಟಳು, ಆಶೀರ್ವಾದವನ್ನೇನೂ ಹೇಳಲಿಲ್ಲ. "ನಂದೇನಿಲ್ಲ, ಆಕೀನ್ನ ಕೇಳ್ರಿ," ಎಂದಳು.

ಅವನು ಎದ್ದು ನಿಂತು ತಿರುಗಿದ. ಹಸಿರು ಸೀರೆ ಗಾಳಿಮರಕ್ಕೆ ಒರಗಿ ನಿಂತಿತ್ತು. ಅದರ ಮೇಲೆ ಒಂದು ಮುಖ. ಅಗಲ ಹಣೆ, ಬಿಸಿಲಿಗೆ ಬೆವತದ್ದು, ಹುಬ್ಬಿನ ಮೇಲೆ ಮರಳು ಅಂಟಿತ್ತು, ಮುಂದಿನ ಹಲ್ಲುಗಳ ನಡುವೆ ಸಂದು. ಯಂಕಣ್ಣ ತಂದು ತೋರಿಸಿದ್ದ ಫೋಟೋದಲ್ಲಿ ಇದ್ದದ್ದಕ್ಕಿಂತ ವಯಸ್ಸಾದ, ದಣಿದ, ಬುದ್ಧಿಯುಳ್ಳ ಮುಖ. ಅದು ಅವನನ್ನೇ ನೋಡುತ್ತಿತ್ತು, ನೆಲವನ್ನಲ್ಲ. ಬೆಳಿಗ್ಗೆಯಿಂದ ಮಸುಕಿನಲ್ಲಿ ಅವನಿಗೆ ಭಯವೇ ಆಗಿರಲಿಲ್ಲವೆಂದು ಈಗ ತಿಳಿಯಿತು. ಕಾಣುವಾಗಿನ ಭಯವೇ ಬೇರೆ. ಕೆನ್ನೆಯ ಒಂದೊಂದು ಚಲನೆಯೂ ಕಾಣುತ್ತಿತ್ತು, ಇದು ಬೇಡವೆಂಬುದೋ ಬೇಕೆಂಬುದೋ ಎಂದು ಓದಲು ಬರುತ್ತಿರಲಿಲ್ಲ.

"ನಾ ಆಗಲೇ ಹೇಳಿ ಕಳಿಸೇನ್ರಿ," ಎಂದ. "ಈಗ ನೋಡಿ ಹೇಳಾಕತ್ತೀನಿ. ಅದ ಮಾತು. ಇನ್ನ ನೀವು ಹೇಳ್ರಿ."

ಗಿರಿಜಾ ಅವಸರ ಮಾಡಲಿಲ್ಲ. ಚಷ್ಮಾವನ್ನು, ಅದರ ದಪ್ಪ ಗಾಜನ್ನು, ಒಳಗೆ ಸಣ್ಣದಾದ ಅವನ ಕಣ್ಣನ್ನು, ಮೂಗಿನ ಮೇಲಿನ ಪೌಡರಿನ ಮುದ್ದೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಕಲ್ಲವ್ವ ಶಾಲಿನ ಒಳಗೆ ಯಾವುದೋ ದೇವರ ಹೆಸರು ಹೇಳುತ್ತಿದ್ದಳು. ಆಮೇಲೆ ಆ ದಪ್ಪಗಿನ, ಒಡೆದ ದನಿ ಮರಳಿ ಬಂತು.

"ಇನ್ನ ಮ್ಯಾಲ ನನಗ ಸುಳ್ಳ ಹೇಳೂದಿದ್ರ," ಎಂದಳು, "ಚಷ್ಮಾ ಹಾಕ್ಕೊಂಡ ಹೇಳ್ರಿ. ನನ್ನ ಮಖಾ ನೋಡಿಕೋತ."